ಸೂಜಿಯಮ್ಮನ ಮೂರು ಮುದ್ರೆಗಳು

ಸಮುದ್ರದ ಆ ಊರಿಗೆ ಬಂದು ಇಪ್ಪತ್ತಮೂರು ವರ್ಷವಾಗಿದ್ದರೂ ಸೂಜಿಯಮ್ಮ ಒಂದು ದಿನವೂ ನೀರಿಗೆ ಕಾಲಿಟ್ಟವಳಲ್ಲ. ಎಲ್ಲೆಲ್ಲಿಂದಲೋ ಜನ ವಿಮಾನ ಹತ್ತಿ ಆ ನೀರಿಗೆಂದೇ ಅಲ್ಲಿಗೆ ಬರುತ್ತಿದ್ದರು. ಬಂದ ಮೂರೇ ದಿನಕ್ಕೆ ಬಿಸಿಲಿಗೆ ಬೆಂದು ಟೊಮೆಟೊ ಹಣ್ಣಾಗಿ, ಮೈಗೆಲ್ಲ ಎಣ್ಣೆ ಮೆತ್ತಿಕೊಂಡು ಮರಳಿನ ಮೇಲೆ ಬಿದ್ದುಕೊಂಡಿರುತ್ತಿದ್ದರು. ಇವಳು ಮಾತ್ರ ಹೋಟೆಲಿನ ಹಿಂಬಾಗಿಲಿನಿಂದ ಒಳಗೆ ಹೋಗಿ ಅದೇ ಬಾಗಿಲಿನಿಂದ ಹೊರಗೆ ಬರುವವಳು. ಅಲೆ ಕಂಡರೆ ಅವಳಿಗೆ ಹೆದರಿಕೆ. ಅಲೆಯೊಂದೇ ಅಲ್ಲ, ಲಿಫ್ಟು, ಫೋನಿನ ಗಂಟೆ, ಖಾಕಿಯಾಗಲಿ ನೀಲಿಯಾಗಲಿ ಯಾವುದೇ ಸಮವಸ್ತ್ರ, ದುಂಡನೆಯ ಮುದ್ರೆ ಬಿದ್ದ ಯಾವುದೇ ಕಾಗದ, ಎಲ್ಲಕ್ಕೂ ಹೆದರಿಕೆ. ಅಂಚೆಯವನು ಬಾಗಿಲು ತಟ್ಟಿದರೂ ಒಳಗಿನಿಂದಲೇ "ಯಾರೂ ಇಲ್ಲ" ಅನ್ನುವಷ್ಟು.

ಅವಳ ಗಂಡ ಆ ಹೋಟೆಲಿನಲ್ಲಿ ಅಡುಗೆಯವನಾಗಿದ್ದ. ಮದುವೆಯಾದ ವರ್ಷವೇ ಅವಳನ್ನು ಕರೆದುಕೊಂಡು ಬಂದ. ಒಂಬತ್ತನೆಯ ವರ್ಷ ಎದೆನೋವು ಅಂತ ಕುಳಿತವನು ಮತ್ತೆ ಏಳಲಿಲ್ಲ. ಅಷ್ಟರಲ್ಲಿ ಇವಳ ಕೈಗುಣ ಹೋಟೆಲಿನವರಿಗೆ ಗೊತ್ತಾಗಿತ್ತು. ಹರಿದ ಹೊದಿಕೆಯನ್ನು ಅವಳು ರಫು ಮಾಡಿಕೊಟ್ಟರೆ ಎಲ್ಲಿ ಹರಿದಿತ್ತೆಂದು ಹರಿದವನಿಗೂ ಹೇಳಲಾಗುತ್ತಿರಲಿಲ್ಲ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದಲ್ಲಿ ಅವಳದೊಂದು ಸಣ್ಣ ಕೋಣೆ. ಪರದೆಯ ಅಂಚು, ಮಾಣಿಗಳ ಕೋಟಿನ ಗುಂಡಿ, ಈಜುಕೊಳದ ಬದಿಯ ದೊಡ್ಡ ಕೊಡೆಗಳ ಬಟ್ಟೆ, ಎಲ್ಲ ಅವಳ ಕೈಗೆ ಬರುತ್ತಿದ್ದವು. ಉಪ್ಪುಗಾಳಿಗೆ ಸೂಜಿಗಳು ಒಂದೇ ದಿನದಲ್ಲಿ ತುಕ್ಕು ಹಿಡಿಯುತ್ತಿದ್ದವು. ಅದಕ್ಕೇ ಎಣ್ಣೆ ಬಟ್ಟೆಯೊಂದರಲ್ಲಿ ಸಾಲಾಗಿ ಚುಚ್ಚಿಡುತ್ತಿದ್ದಳು. ಸೂಜಿಯಮ್ಮ ಅನ್ನುವ ಹೆಸರು ಬಂದದ್ದು ಹಾಗೆ.

ಅಣ್ಣ ಸತ್ತಾಗ ನಾದಿನಿ ಬಂದಳು. "ಹದಿನೈದು ದಿನ ಇದ್ದು ಹೋಗ್ತೀನಿ ಅತ್ತಿಗೆ" ಅಂದವಳು ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದಳು. ಅದೇ ಹೋಟೆಲಿನ ಅಡುಗೆಮನೆಯಲ್ಲಿ ಹಣ್ಣು ಹೆಚ್ಚುವ ಕೆಲಸ. ಚಾಕು ಹಿಡಿಯುವ ಕೈ; ಮಾತೂ ಹಾಗೇ. ಅತ್ತಿಗೆ ಎಷ್ಟು ಪುಕ್ಕಲೋ ನಾದಿನಿ ಅಷ್ಟು ಗಟ್ಟಿಗಿತ್ತಿ. ಇಬ್ಬರೂ ಹೋಟೆಲಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಒಲೆ, ಒಂದು ಕಿಟಕಿ ಇಟ್ಟುಕೊಂಡು ಬದುಕುತ್ತಿದ್ದರು. ಕಿಟಕಿ ತೆರೆದರೆ ಹೋಟೆಲಿನ ಗೋಡೆ, ಅದರ ತುಂಬ ತೊಟ್ಟಿಕ್ಕುವ ಏಸಿ ಡಬ್ಬಗಳು.

"ನೀವ್ಯಾಕೆ ಊರಿಗೆ ವಾಪಸ್ ಹೋಗಲಿಲ್ಲ?" ಎಂದು ಯಾರೋ ಒಮ್ಮೆ ಕೇಳಿದ್ದರು.

"ವಾಪಸ್ ಹೋಗೋಕೂ ಒಂದು ಕಚೇರಿಗೆ ಹೋಗಬೇಕಲ್ಲ" ಅಂದಿದ್ದಳು ಸೂಜಿಯಮ್ಮ. ಕೇಳಿದವರು ನಕ್ಕರು. ಅವಳು ತಮಾಷೆ ಮಾಡಿರಲಿಲ್ಲ.

ಪರದೇಶದವರು ಅಲ್ಲಿರಬೇಕಾದರೆ ವರ್ಷಕ್ಕೊಮ್ಮೆ ಪಾಸ್‌ಪೋರ್ಟಿನಲ್ಲಿ ಪರವಾನಗಿಯ ಮುದ್ರೆ ಹಾಕಿಸಬೇಕಿತ್ತು. ನಾದಿನಿ ಆ ದಿನ ರಜೆ ಹಾಕಿ, ಛತ್ರಿ ಹಿಡಿದು, ಬುತ್ತಿ ಕಟ್ಟಿಕೊಂಡು ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದಳು. "ಬನ್ನಿ ಅತ್ತಿಗೆ, ಜೊತೆಗೇ ಮುಗಿಸಿಕೊಂಡು ಬರೋಣ. ಅಲ್ಲೇನು ಹುಲಿ ಕೂತಿದೆಯಾ?" ಅನ್ನುತ್ತಿದ್ದಳು. ಸೂಜಿಯಮ್ಮನಿಗೆ ಹುಲಿಯಾದರೂ ವಾಸಿ. ಆ ಗಾಜಿನ ಕಿಟಕಿ, ಅದರೊಳಗಿನ ತೂತು, ತೂತಿನ ಆಚೆಯಿಂದ ತಲೆಯೆತ್ತದೆ ಪ್ರಶ್ನೆ ಕೇಳುವ ಬಾಯಿ ನೆನೆಸಿಕೊಂಡರೇ ಹೊಲಿಗೆಯ ಮೇಲೆ ತಲೆ ತಗ್ಗಿಸುತ್ತಿದ್ದಳು. ಅದಕ್ಕೆ ಅವಳು ಬಸ್ ನಿಲ್ದಾಣದ ಬಳಿಯ ಏಜೆಂಟನನ್ನು ಹಿಡಿದಿದ್ದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು. "ನೀವು ಕೂತಲ್ಲೇ ಕೂತಿರಿ ಅಮ್ಮ. ಮುದ್ರೆ ನಿಮ್ಮ ಬಾಗಿಲಿಗೆ ಬರುತ್ತೆ." ಬರುತ್ತಲೂ ಇತ್ತು, ವರ್ಷ ವರ್ಷವೂ.

ಆ ವರ್ಷ ಹೋಟೆಲು ಬೇರೆಯವರ ಕೈಗೆ ಹೋಯಿತು. ಹೊಸಬರು ನೌಕರರಿಗೆಂದೇ ಒಂದು ಕಚೇರಿ ತೆರೆದು, ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿಯನ್ನು ಕೂರಿಸಿ, ಎಲ್ಲರ ಪಾಸ್‌ಪೋರ್ಟುಗಳನ್ನು ತರಿಸಿಕೊಂಡರು. ಹತ್ತು ದಿನ ಕಳೆದ ಮೇಲೆ ಆ ಹುಡುಗಿ ಸೂಜಿಯಮ್ಮನನ್ನು ಕರೆಸಿದಳು.

"ಕೂತ್ಕೊಳ್ಳಿ."

ಆ ಒಂದು ಮಾತಿಗೇ ಸೂಜಿಯಮ್ಮನ ಎದೆ ಧಸಕ್ಕೆಂದಿತು. ಇಷ್ಟು ವರ್ಷದಲ್ಲಿ ಆ ಹೋಟೆಲಿನಲ್ಲಿ ಅವಳಿಗೆ ಯಾರೂ ಕೂತ್ಕೊಳ್ಳಿ ಅಂದಿರಲಿಲ್ಲ.

ಹುಡುಗಿ ಬಾಗಿಲು ಮುಚ್ಚಿ ದನಿ ತಗ್ಗಿಸಿದಳು. "ಅಮ್ಮ, ನಿಮ್ಮ ಪರವಾನಗಿ ಸಂಖ್ಯೆ ಸರ್ಕಾರದ ಪಟ್ಟೀಲಿ ಇಲ್ಲ. ಹಳೇದು ಇದೆ. ಈಚಿನ ಮೂರು ಇಲ್ಲವೇ ಇಲ್ಲ. ಯಾರು ಹಾಕಿಸಿಕೊಟ್ಟಿದ್ದು?"

"ಏಜೆಂಟು..."

"ಹೋಗಿ ವಿಚಾರಿಸಿ. ಇಪ್ಪತ್ತನೇ ತಾರೀಖಿನ ತನಕ ನಾನು ಸುಮ್ಮನಿರ್ತೀನಿ. ಆಮೇಲೆ ನಾನೇ ಬರೆದು ಕಳಿಸಬೇಕಾಗುತ್ತೆ. ನನ್ನ ಕೈಲೇನೂ ಇಲ್ಲ" ಎಂದು ಪಾಸ್‌ಪೋರ್ಟನ್ನು ಅವಳ ಕೈಗಿಟ್ಟಳು.

ಸೂಜಿಯಮ್ಮ ಕೆಳಗಿಳಿದು ಬಂದು ತನ್ನ ಸ್ಟೂಲಿನ ಮೇಲೆ ಕುಳಿತಳು. ಅವಳ ಕಣ್ಣ ಮುಂದೆ ಬಂದದ್ದು ನಾಲ್ಕು ವರ್ಷದ ಹಿಂದಿನ ತೋಟದ ಮಾಲಿ. ಕಾಗದವಿಲ್ಲದವನು ಎಂದು ಹಾಡಹಗಲೇ ಬಂದು ಕರೆದುಕೊಂಡು ಹೋಗಿದ್ದರು. ಚಪ್ಪಲಿ ಮೆಟ್ಟಲೂ ಬಿಟ್ಟಿರಲಿಲ್ಲ. ಗಿಡಗಳಿಗೆ ನೀರು ಬಿಡುತ್ತಿದ್ದ ಅವನ ಪೈಪು ಹುಲ್ಲಿನ ಮೇಲೆ ಬಿದ್ದು, ಯಾರೂ ನಲ್ಲಿ ನಿಲ್ಲಿಸದೆ, ಸಂಜೆಯವರೆಗೂ ಹರಿಯುತ್ತಲೇ ಇತ್ತು. ವಿಮಾನ ನಿಲ್ದಾಣದ ದಾರಿಯಲ್ಲಿ ಎತ್ತರದ ತಂತಿಬೇಲಿಯ ಮನೆಯೊಂದಿದೆ, ಅಲ್ಲಿಟ್ಟುಕೊಂಡು ಆಮೇಲೆ ಕಳಿಸುತ್ತಾರೆ ಎಂದು ಜನ ಹೇಳುತ್ತಿದ್ದರು. ಅವನು ಎಲ್ಲಿಗೆ ಹೋದ ಎಂದು ಯಾರಿಗೂ ಗೊತ್ತಾಗಲಿಲ್ಲ.

ನಾದಿನಿಗೆ ಅವಳು ಹೇಳಲಿಲ್ಲ. ಬೈಗುಳಕ್ಕೂ ಹೆದರಿಕೆ, ಅದಕ್ಕಿಂತ ಹೆಚ್ಚಾಗಿ, ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎನ್ನುವ ಹೆದರಿಕೆ. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಬಸ್ ನಿಲ್ದಾಣಕ್ಕೆ ಹೋದಳು. ಏಜೆಂಟನ ಅಂಗಡಿಯಿದ್ದ ಜಾಗದಲ್ಲಿ ಹುಲ್ಲಿನ ಟೋಪಿಗಳು, ಗಾಳಿ ತುಂಬಿದ ಬಾತುಕೋಳಿಗಳು, ಈಜುವ ಮಕ್ಕಳ ತೋಳಪಟ್ಟಿಗಳು ತೂಗಾಡುತ್ತಿದ್ದವು. ಒಳಗಿನ ಹೆಂಗಸು ಅವಳ ಮುಖ ನೋಡಿದ ಕೂಡಲೇ ವಿಷಯ ತಿಳಿದವಳಂತೆ ಅಂದಳು:

"ಅವನಾ? ಹೋಗಿ ಎಂಟು ತಿಂಗಳಾಯ್ತು. ನಿಮ್ಮಂಥೋರು ವಾರಕ್ಕೆ ಒಬ್ಬರಾದರೂ ಬರ್ತಾರೆ. ಟೋಪಿ ಬೇಕಾ?"

ಸೂಜಿಯಮ್ಮ ಮುಖ್ಯ ರಸ್ತೆ ಬಿಟ್ಟು ಹಿಂದಿನ ಸಂದಿಗಳಲ್ಲಿ ನಡೆದು ಹೋಟೆಲಿಗೆ ಮರಳಿದಳು. ಅಂದಿನಿಂದ ಅವಳ ದಾರಿಯೇ ಬದಲಾಯಿತು. ಐದು ನಿಮಿಷದ ನಡಿಗೆ ಅರ್ಧ ಗಂಟೆಯಾಯಿತು. ಟ್ರಾಫಿಕ್‌ನವನು ಶಿಳ್ಳೆ ಊದಿದರೆ ಗೋಡೆಗೆ ಆತುಕೊಳ್ಳುತ್ತಿದ್ದಳು. ಗೇಟಿನ ಕಾವಲುಗಾರ ಎಂದಿನಂತೆ ಸಲಾಮು ಹೊಡೆದರೆ, ಇವನಿಗೂ ಗೊತ್ತಾಗಿಬಿಟ್ಟಿದೆ ಅನ್ನಿಸುತ್ತಿತ್ತು. ಹೊಲಿಗೆಯಂತೂ ಕೆಟ್ಟು ಕೂತಿತು: ಒಬ್ಬ ಮಾಣಿ ಕೋಟು ತಂದು, "ಸೂಜಿಯಮ್ಮ, ಜೇಬಿನ ಬಾಯನ್ನೇ ಹೊಲಿದುಬಿಟ್ಟಿದ್ದೀರಲ್ಲ, ಟಿಪ್ಸು ಎಲ್ಲಿಡಲಿ?" ಎಂದು ನಕ್ಕ. ಅವಳು ಬಿಚ್ಚಿಕೊಟ್ಟಳು.

"ಏನಾಗಿದೆ ಅತ್ತಿಗೆ? ಮುಖ ಬಿಳಿಚಿಕೊಂಡಿದೆ" ಎಂದು ನಾದಿನಿ ಕೇಳಿದಳು.

"ಪಿತ್ತ ಕಣೇ."

"ಪಿತ್ತಕ್ಕೆ ಯಾರಾದರೂ ಹಗಲು ಹೊತ್ತಲ್ಲಿ ಅಗುಳಿ ಹಾಕ್ಕೊಂಡು ಕೂರ್ತಾರಾ?"

ಸೂಜಿಯಮ್ಮ ಗೋಡೆಯ ಕಡೆ ತಿರುಗಿ ಮಲಗಿದಳು.

ಹದಿನೇಳನೆಯ ತಾರೀಖು ಬೆಳಿಗ್ಗೆ ಹನ್ನೊಂದರ ಹೊತ್ತು. ಇಸ್ತ್ರಿಯವನು ಬಾಗಿಲಲ್ಲಿ ತಲೆ ಹಾಕಿ, "ಸರ್ಕಾರದೋರು ಬಂದಿದ್ದಾರೆ. ಮ್ಯಾನೇಜರ್ ಜೊತೆ ಕೋಣೆ ಕೋಣೆ ನೋಡ್ತಿದ್ದಾರೆ. ಇಲ್ಲಿಗೂ ಬರ್ತಾರೆ" ಎಂದು ಹೇಳಿ ಹೋದ.

ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದವಳು ಹಾಗೇ ಎದ್ದಳು. ಹೊರಗೆ ಓಡೋಣವೆಂದರೆ ಇರುವುದು ಒಂದೇ ಮೆಟ್ಟಿಲು, ಅದರ ಮೇಲೆ ಆಗಲೇ ಬೂಟಿನ ಸದ್ದು. ಕೋಣೆಯ ಮೂಲೆಯಲ್ಲಿ ದೊಡ್ಡ ಊಟದ ಹಾಲಿನ ಪರದೆಗಳನ್ನು ಕಂಬಿಗೆ ತೂಗುಹಾಕಿದ್ದಳು. ಅವುಗಳ ಹಿಂದೆ ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಪರದೆ ನೆಲ ಮುಟ್ಟುತ್ತಿರಲಿಲ್ಲ. ತನ್ನ ಪಾದ ಕಾಣುತ್ತಿದೆಯೆಂದು ಹೊಳೆದಾಗ ತುದಿಗಾಲಲ್ಲಿ ನಿಂತಳು, ಅದರಿಂದ ಏನು ಪ್ರಯೋಜನವೋ ಅವಳಿಗೇ ಗೊತ್ತಿರಲಿಲ್ಲ. ಮುಖಕ್ಕೆ ಬಟ್ಟೆ ಅಂಟಿ ಉಸಿರು ಕಟ್ಟುತ್ತಿತ್ತು. ಬಾಯಲ್ಲಿನ ಸೂಜಿ ನುಂಗಿಬಿಡುತ್ತೇನೇನೋ ಎಂಬ ಭಯ ಬೇರೆ. ಅದನ್ನು ತೆಗೆಯಲು ಕೈಯೆತ್ತುವ ಧೈರ್ಯವಿಲ್ಲ.

ಇಬ್ಬರು ಒಳಗೆ ಬಂದರು. ಹೆಜ್ಜೆಗಳು ಪರದೆಯ ಹತ್ತಿರವೇ ಬಂದು ನಿಂತವು. ಕೈಯಳತೆಯಲ್ಲಿ ಒಂದು ಗಡಸು ದನಿ ಕೇಳಿತು:

"ಏನ್ರೀ ಇದು? ಅವಧಿ ಮುಗಿದು ವರ್ಷಗಳೇ ಆಗಿವೆ. ಇನ್ನೂ ಇಲ್ಲೇ ಇಟ್ಕೊಂಡಿದ್ದೀರಾ?"

"ಗಮನಕ್ಕೆ ಬಂದಿರಲಿಲ್ಲ ಸಾರ್" ಎಂದಿತು ಮ್ಯಾನೇಜರನ ದನಿ.

"ಇವತ್ತೇ ಹೊರಗೆ ಹಾಕಿಸಿ."

ಸೂಜಿಯಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಪರದೆ ಸರಿಸಿ ಹೊರಗೆ ಬಂದು, ಬಾಯಿಂದ ಸೂಜಿ ತೆಗೆದು, ಎರಡೂ ಕೈ ಜೋಡಿಸಿ ಅಂದಳು: "ತಪ್ಪಾಯ್ತು ಸಾರ್. ಮುದ್ರೆ ಸುಳ್ಳು ಅಂತ ನನಗೆ ಗೊತ್ತಿರಲಿಲ್ಲ. ಚಪ್ಪಲಿ ಹಾಕ್ಕೊಳ್ಳೋಕೆ ಒಂದು ನಿಮಿಷ ಬಿಡಿ."

ಅಧಿಕಾರಿ ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದ. ಅಲ್ಲಿಯವರೆಗೆ ಅವನ ಕೈ ಗೋಡೆಗೆ ತೂಗುಹಾಕಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮೇಲಿತ್ತು. ಅದರ ಕೊರಳಿನ ಚೀಟಿಯಲ್ಲಿ ತಾರೀಖು ಓದುತ್ತಿದ್ದ ಅವನು ಅಗ್ನಿಶಾಮಕ ಇಲಾಖೆಯವನು. ಅವನಿಗೆ ಸೂಜಿಯಮ್ಮನ ಪಾಸ್‌ಪೋರ್ಟು ಕಟ್ಟಿಕೊಂಡು ಏನಾಗಬೇಕು? "ಇವರು ಏನು ಹೇಳ್ತಿದ್ದಾರೆ?" ಎಂದು ಮ್ಯಾನೇಜರನನ್ನು ಕೇಳಿದ. ಮ್ಯಾನೇಜರನಿಗೆ ಮಾತ್ರ ಚೆನ್ನಾಗಿ ಅರ್ಥವಾಗಿತ್ತು.

ಮಧ್ಯಾಹ್ನ ಅವನು ಅವಳನ್ನು ಕರೆದು, ಗಟ್ಟಿ ಮಾತಿಲ್ಲದೆ, ಕಣ್ಣು ತಪ್ಪಿಸಿ ಹೇಳಿದ: "ನಾಳೆಯಿಂದ ಬರಬೇಡಿ. ಕಾಗದ ಸರಿಯಾದ ಮೇಲೆ ನೋಡೋಣ. ನನಗೂ ಹೆದರಿಕೆ ಇದೆ ಅಮ್ಮ."

ಸುದ್ದಿ ಅಡುಗೆಮನೆಗೆ ತಲುಪಲು ಎಷ್ಟು ಹೊತ್ತು? ನಾದಿನಿ ಏಪ್ರನ್ನು ಕೂಡ ಬಿಚ್ಚದೆ ಕೋಣೆಗೆ ಓಡಿಬಂದಳು. ಅಗುಳಿ ಹಾಕಿತ್ತು.

"ತೆಗೀರಿ ಅತ್ತಿಗೆ. ಅಂಚೆಯವನಲ್ಲ, ನಾನು."

ಒಳಗೆ ಸೂಜಿಯಮ್ಮ ನೆಲದ ಮೇಲೆ ಕುಳಿತಿದ್ದಳು. ನಡೆದದ್ದನ್ನೆಲ್ಲ ಹೇಳಿದಳು, ಟೋಪಿ ಅಂಗಡಿಯ ವಿಷಯವನ್ನೂ.

"ಟೋಪಿ ಅಂಗಡಿ ಈಗ ತೆರೆದಿದ್ದಲ್ಲ ಅತ್ತಿಗೆ. ಅವನಿದ್ದಾಗಲೂ ಅದು ಟೋಪಿ ಅಂಗಡೀನೇ" ಅಂದಳು ನಾದಿನಿ. ನಗಿಸಬೇಕೆಂದೇ ಹೇಳಿದ್ದು. ಅತ್ತಿಗೆ ನಗದಿದ್ದಾಗ ಅವಳ ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡಳು. "ನಾಳೆ ನಾವಾಗೇ ಹೋಗೋಣ. ಅವರು ಬಂದು ಹಿಡಿಯೋದು ಬೇರೆ, ನಾವೇ ಹೋಗೋದು ಬೇರೆ."

"ನನ್ನನ್ನ ಕಳಿಸಿಬಿಟ್ಟರೆ?"

ನಾದಿನಿ ಕೈ ಬಿಟ್ಟು, ಏಪ್ರನ್ನು ಬಿಚ್ಚಿ, ನಾಲ್ಕು ಮಡಿಕೆ ಮಡಿಸಿ ಪಕ್ಕಕ್ಕಿಟ್ಟಳು. "ಕಳಿಸಿದರೆ ನಾನೂ ಬರ್ತೀನಿ" ಅಂದದ್ದು ಆಮೇಲೆ. ಸೂಜಿಯಮ್ಮ ಅದನ್ನು ಗಮನಿಸಿದಳು. ಅವಳ ಭಯ ಇನ್ನೂ ಹೆಚ್ಚಾಯಿತು.

ಮರುದಿನ ಪರವಾನಗಿ ಕಚೇರಿಯಲ್ಲಿ ಉದ್ದನೆಯ ಬೆಂಚುಗಳು, ಟೋಕನ್ ಸಂಖ್ಯೆ ಕೂಗುವ ಡಬ್ಬ, ಅಳುವ ಒಂದು ಮಗು. ಎಂಟು ಗಂಟೆಗೆ ಹೋದವರಿಗೆ ಹನ್ನೊಂದಕ್ಕೆ ಸರದಿ ಬಂತು. ಗಾಜಿನ ಆಚೆ ಕುಳಿತಿದ್ದವನ ಕನ್ನಡಕ ದಾರದಲ್ಲಿ ಕೊರಳಿಗೆ ನೇತಾಡುತ್ತಿತ್ತು. ನಾದಿನಿಯೇ ಹೇಳಿದಳು. ಕನ್ನಡಕದವನು ಪುಟ ತಿರುವಿ, ದೀಪದ ಕೆಳಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿದ.

"ಈ ಮೂರು ನಮ್ಮವಲ್ಲ. ನೀವು ಒಳಗೆ ಬನ್ನಿ. ನೀವಲ್ಲ, ಅವರೊಬ್ಬರೇ" ಎಂದು ನಾದಿನಿಯನ್ನು ತಡೆದ.

ಒಳಗಿನ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಕಂಬಿ ಹಾಕಿದ ಕಿಟಕಿ. ಬಾಗಿಲು ಮುಚ್ಚಿಕೊಂಡಾಗ ಒಳಬದಿಗೆ ಹಿಡಿಯೇ ಇಲ್ಲದ್ದು ಅವಳಿಗೆ ಕಾಣಿಸಿತು. ಎರಡು ಗಂಟೆ ಯಾರೂ ಬರಲಿಲ್ಲ. ಕಿಟಕಿಯ ಪರದೆಯ ಅಂಚು ಒಂದು ಗೇಣು ಬಿಚ್ಚಿಕೊಂಡು ಜೋತಾಡುತ್ತಿತ್ತು. ಬೇರೆ ಯಾವ ದಿನವಾಗಿದ್ದರೂ ಅವಳ ಕೈ ತಾನಾಗಿಯೇ ಅದರತ್ತ ಹೋಗುತ್ತಿತ್ತು. ಅಂದು ಅವಳು ಅದನ್ನು ಮುಟ್ಟಲೂ ಹೆದರಿ, ಎರಡು ಕೈಗಳನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಳು. ದೂರದಲ್ಲಿ ವಿಮಾನವೊಂದು ಏರಿದ ಸದ್ದು ಕೇಳಿದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದಳು. ಗಂಡ ಬದುಕಿದ್ದರೆ ಎಂದು ಒಮ್ಮೆ ಯೋಚಿಸಿದಳು. ಅವನೂ ಇಲ್ಲೇ, ಇದೇ ಊರಿನ ಮಣ್ಣಿನಲ್ಲಿದ್ದಾನೆ, ನನ್ನನ್ನು ಕಳಿಸಿದರೆ ಅವನೊಬ್ಬನೇ ಆಗುತ್ತಾನೆ ಎಂದೂ ಯೋಚಿಸಿದಳು.

ಕೊನೆಗೆ ಕನ್ನಡಕದವನು ಒಬ್ಬ ಮಹಿಳಾ ಅಧಿಕಾರಿಯೊಂದಿಗೆ ಬಂದ. ಪ್ರಶ್ನೆ ಕೇಳಿದ್ದು ಆಕೆಯೇ. "ಏಜೆಂಟ್ ಕೊಟ್ಟ ಅಂತ ಎಲ್ಲರೂ ಹೇಳ್ತಾರೆ. ಈ ಊರಲ್ಲಿ ಅವನ ಹೆಸರು ಹೇಳಿಕೊಂಡು ಹನ್ನೊಂದು ಜನ ಬಂದರು. ಸಾಕ್ಷಿ ಏನಿದೆ? ನೀವೇ ಗೊತ್ತಿದ್ದೂ ಸುಳ್ಳು ಮುದ್ರೆ ಹಾಕಿಸಿಕೊಂಡಿಲ್ಲ ಅಂತ ನಾನು ಹೇಗೆ ನಂಬಲಿ?"

ಸೂಜಿಯಮ್ಮ ತೊಡೆಯ ಕೆಳಗಿನಿಂದ ಕೈ ತೆಗೆದಳು. "ಚೀಟಿಗಳಿವೆ ಮೇಡಂ."

"ಯಾವ ಚೀಟಿ?"

"ಪಾಸ್‌ಪೋರ್ಟು ಅವನ ಕೈಗೆ ಕೊಡುವಾಗ ಪ್ರತಿ ಸಲವೂ ಬರೆಸಿಕೊಳ್ತಿದ್ದೆ. ಎಲ್ಲಿ ಕಳೆದುಬಿಡ್ತಾನೋ ಅಂತ ಹೆದರಿಕೆ."

ನಾದಿನಿ ಆಟೋ ಹಿಡಿದು ಕೋಣೆಗೆ ಹೋಗಿ, ಅಕ್ಕಿಡಬ್ಬದ ಹಿಂದಿದ್ದ ಬಟ್ಟೆಯ ಚೀಲ ತಂದಳು. ಪರದೆಯ ತುಂಡುಗಳಲ್ಲಿ ಹೊಲಿದ ಉದ್ದನೆಯ ಚೀಲ. ಮಡಿಕೆ ಬಿಚ್ಚಿದರೆ ಮೇಜಿನ ಈ ತುದಿಯಿಂದ ಆ ತುದಿಗೆ. ವರ್ಷಕ್ಕೊಂದು ಜೇಬು, ಜೇಬಿನ ಮೇಲೆ ನೀಲಿ ದಾರದಲ್ಲಿ ವರ್ಷದ ಸಂಖ್ಯೆ. ಕೊನೆಯ ಮೂರು ಜೇಬುಗಳಲ್ಲಿ ಏಜೆಂಟನ ಕೈಬರಹ: ಪರವಾನಗಿ ನವೀಕರಣಕ್ಕೆ ಪಾಸ್‌ಪೋರ್ಟು ಪಡೆದಿದ್ದೇನೆ, ತಾರೀಖು, ಸಹಿ. ಇನ್ನುಳಿದ ಹನ್ನೊಂದು ಜನರಲ್ಲಿ ಒಬ್ಬರ ಬಳಿಯೂ ಇಂಥ ಒಂದು ತುಣುಕು ಇರಲಿಲ್ಲ.

ಮಹಿಳಾ ಅಧಿಕಾರಿ ಚೀಲವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇಷ್ಟೊಂದು ಜೋಪಾನ ಮಾಡೋರು ಇಲ್ಲಿಗೆ ಒಂದು ಸಲ ಬಂದು ಕೇಳಬಾರದಿತ್ತೇ?"

"ಭಯ ಮೇಡಂ."

"ಯಾರ ಭಯ?"

"ನಿಮ್ಮದೇ" ಅಂದಳು ಸೂಜಿಯಮ್ಮ. ಕನ್ನಡಕದವನು ಕೆಮ್ಮಿದ.

ಆದರೂ ಅಲ್ಲಿಗೆ ಮುಗಿಯಲಿಲ್ಲ. ಮೋಸ ಹೋದವಳೆಂದು ಬರೆದುಕೊಂಡರು, ಆದರೆ ಮೂರು ವರ್ಷ ಪರವಾನಗಿಯಿಲ್ಲದೆ ಇದ್ದದ್ದೂ ನಿಜವೇ. ಪಾಸ್‌ಪೋರ್ಟು ಇಟ್ಟುಕೊಂಡು, ಮೇಲಿನವರ ತೀರ್ಮಾನ ಬರುವವರೆಗೆ ಪ್ರತಿ ಬುಧವಾರ ಬಂದು ಸಹಿ ಹಾಕಬೇಕು, ಕೆಲಸ ಮಾಡಕೂಡದು ಎಂದು ಹೇಳಿ ಕಳಿಸಿದರು. ಏಳು ತಿಂಗಳು ಹಾಗೆ ನಡೆಯಿತು. ಪ್ರತಿ ಬುಧವಾರ ಸೂಜಿಯಮ್ಮ ಎರಡು ಜೊತೆ ಬಟ್ಟೆ, ಒಂದು ಶಾಲು, ಗಂಡನ ಫೋಟೊ ಕಟ್ಟಿಕೊಂಡೇ ಹೋಗುತ್ತಿದ್ದಳು. ಅಲ್ಲಿಂದಲೇ ಕಳಿಸಿಬಿಟ್ಟರೆ ಬೇಕಲ್ಲ. ಒಂದು ಬುಧವಾರ ಸಾಲಿನಲ್ಲಿ ಅವಳ ಮುಂದಿದ್ದ ಗಂಡಸನ್ನು ಒಳಗೆ ಕರೆದರು. ಅವನು ಛತ್ರಿಯನ್ನು ಗೋಡೆಗೆ ಒರಗಿಸಿ ಹೋದ. ಮುಂದಿನ ಬುಧವಾರವೂ ಅದು ಅಲ್ಲೇ ಇತ್ತು. ಅದರ ಮುಂದಿನ ಬುಧವಾರವೂ. ಸೂಜಿಯಮ್ಮ ಅದರ ಪಕ್ಕ ನಿಲ್ಲುವುದನ್ನು ಬಿಟ್ಟು ಬೇರೆ ಸಾಲಿಗೆ ಹೋದಳು.

ಆ ಏಳು ತಿಂಗಳು ಮನೆ ನಡೆದದ್ದು ನಾದಿನಿಯ ದುಡಿಮೆಯಿಂದ. ಅವಳು ಹೆಚ್ಚಿ ಉಳಿದ ಹಣ್ಣಿನ ತುದಿಗಳನ್ನು ಡಬ್ಬದಲ್ಲಿ ತರುತ್ತಿದ್ದಳು. "ತಿನ್ನಿ ಅತ್ತಿಗೆ. ಹೆದರೋಕೂ ಮೈಯಲ್ಲಿ ಶಕ್ತಿ ಬೇಕು." ಕೆಲವೊಮ್ಮೆ ಅವಳೂ ರೇಗುತ್ತಿದ್ದಳು: "ನನ್ನ ಜೊತೆ ಒಂದು ದಿನ ಸಾಲಲ್ಲಿ ನಿಂತಿದ್ದರೆ ಇದೆಲ್ಲ ಇರ್ತಿರಲಿಲ್ಲ." ಆಮೇಲೆ ಹೊರಗೆ ಹೋಗಿ ಓಣಿಯಲ್ಲಿ ಸುಮ್ಮನೆ ನಿಂತು ಬರುತ್ತಿದ್ದಳು. ಏಜೆಂಟ ಸಿಕ್ಕಲಿಲ್ಲ. ಈವರೆಗೂ ಸಿಕ್ಕಿಲ್ಲ.

ಎಂಟನೆಯ ತಿಂಗಳ ಮೊದಲ ಬುಧವಾರ ಕನ್ನಡಕದವನು ಸಹಿಯ ಪುಸ್ತಕದ ಬದಲು ಪಾಸ್‌ಪೋರ್ಟನ್ನೇ ತೂತಿನಿಂದ ಹೊರಗೆ ತಳ್ಳಿದ. "ಒಂದು ವರ್ಷಕ್ಕೆ ಕೊಟ್ಟಿದ್ದಾರೆ. ಮುಂದಿನ ಸಲ ನೀವೇ ಬನ್ನಿ."

ಸೂಜಿಯಮ್ಮ ಅದನ್ನು ತೆಗೆದುಕೊಂಡು ಬಾಗಿಲವರೆಗೆ ಹೋದಳು. ಮೆಟ್ಟಿಲ ಮೇಲೆ ನಿಂತು ಪುಟ ತೆರೆದು ನೋಡಿದಳು. ಮತ್ತೆ ನೋಡಿದಳು. ನಾದಿನಿಯ ತೋಳು ಹಿಡಿದು ಹಿಂದಕ್ಕೆ ಎಳೆದುಕೊಂಡು ಬಂದು, ಸಾಲಿನಲ್ಲಿದ್ದವರು ಗೊಣಗುತ್ತಿದ್ದರೂ, ತೂತಿನ ಹತ್ತಿರ ಬಾಯಿಟ್ಟು ಕೇಳಿದಳು:

"ಇದು ನಿಜವಾದ ಮುದ್ರೆ ತಾನೇ ಸಾರ್?"

"ನಿಜವಾದದ್ದೇ ಅಮ್ಮ, ಈ ಕಚೇರೀದೇ."

"ಆ ಏಜೆಂಟೂ ಹಾಗೇ ಹೇಳ್ತಿದ್ದ" ಅಂದಳು ಸೂಜಿಯಮ್ಮ.

ಕನ್ನಡಕದವನು ಕನ್ನಡಕ ಏರಿಸಿಕೊಂಡ. ಆಮೇಲೆ ಕಂಪ್ಯೂಟರಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿ, ಸಂಖ್ಯೆಯ ಮೇಲೆ ಬೆರಳಿಟ್ಟು, ಒಂದೊಂದೇ ಅಂಕಿ ಓದಿ ತೋರಿಸಿದ. ಅವಳು ತನ್ನ ಪುಟದಲ್ಲಿ ಒಂದೊಂದೇ ಅಂಕಿಗೆ ಉಗುರಿಟ್ಟು ಸರಿ ನೋಡಿಕೊಂಡಳು.

ಹೋಟೆಲಿನವರು ಅಷ್ಟರಲ್ಲಿ ಹೊಲಿಗೆಯನ್ನು ಹೊರಗಿನವರಿಗೆ ವಹಿಸಿದ್ದರಿಂದ ನೆಲಮಾಳಿಗೆಯ ಕೋಣೆ ಅವಳಿಗೆ ಮತ್ತೆ ಸಿಗಲಿಲ್ಲ. ಅದೇ ಬೀದಿಯ ಸಣ್ಣ ವಸತಿಗೃಹವೊಂದು ಅವಳಿಗೆ ಕೆಲಸ ಕೊಟ್ಟು ಕಾಗದಕ್ಕೂ ಸಹಿ ಹಾಕಿತು. ಅಲ್ಲಿ ಅವಳು ಮಹಡಿಯ ಮೇಲೆ, ಕಿಟಕಿಯ ಪಕ್ಕ ಕುಳಿತು ಹೊಲಿಯುತ್ತಾಳೆ. ಪರವಾನಗಿಯ ತಿಂಗಳು ಹತ್ತಿರ ಬಂದರೆ ಈಗಲೂ ಹಿಂದಿನ ಸಂದಿಗಳಲ್ಲೇ ನಡೆಯುತ್ತಾಳೆ, ಹಗಲು ಹೊತ್ತಲ್ಲೂ ಅಗುಳಿ ಹಾಕಿಕೊಂಡು ಕೂರುತ್ತಾಳೆ. ಆದರೆ ಆ ದಿನ ಬೆಳಿಗ್ಗೆ ನಾದಿನಿಗಿಂತ ಮೊದಲು ಎದ್ದು ಬುತ್ತಿ ಕಟ್ಟುವವಳು ಅವಳೇ. ಕಳೆದ ಸಲ ಬಾಗಿಲು ತೆರೆಯುವ ಒಂದು ಗಂಟೆ ಮುಂಚೆಯೇ ಹೋಗಿ ಸಾಲಿನ ಮೊದಲಿಗೆ ನಿಂತಿದ್ದರು. "ಇಷ್ಟು ಬೇಗ ಯಾಕೆ ಅತ್ತಿಗೆ, ಕಾವಲುಗಾರನೂ ಬಂದಿಲ್ಲ" ಎಂದು ನಾದಿನಿ ಆಕಳಿಸಿದಳು.

"ಹೆದರಿಕೆ ಕಣೇ," ಅಂದಳು ಸೂಜಿಯಮ್ಮ, "ಮನೇಲಿ ಕೂತು ಹೆದರೋದಕ್ಕಿಂತ ಇಲ್ಲೇ ವಾಸಿ."